ಸದರಿ ಸೋಮವ್ವ ಮುಂಬಯಿಯಲ್ಲಿದ್ದಾಳೆ

ಮಾಟುಂಗ, ಮುಂಬಯಿ
೨೨ ಜುಲೈ ೧೯೯೨

ಕಡ್ಲಿಹಾಳದ ಸರಕಾರಿ ಶಾಲೆಯ ಮುಖ್ಯೋಪಾಧ್ಯಾಯರಾದ ಶ್ರೀ ಬಸವಂತರಾಯರಿಗೆ ನಮಸ್ಕಾರಗಳು.

ನನ್ನ ಹೆಸರು ಪುಟ್ಟಲಕ್ಷ್ಮಿ. ನೀವು ನನ್ನನ್ನು ಕಂಡವರಲ್ಲ, ನಾನು ನಿಮ್ಮನ್ನು ಕಂಡವಳಲ್ಲ. ಹುಟ್ಟಿದ್ದು ಮೈಸೂರು, ಇಪ್ಪತ್ತಮೂರು ವರ್ಷದಿಂದ ಮುಂಬಯಿಯ ಮುನಿಸಿಪಲ್ ಕನ್ನಡ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದೇನೆ. ಈಗಿನದು ಪವಾಯಿ ಕಡೆಯ ಶಾಲೆ. ಮಾಟುಂಗದಲ್ಲಿ ಲೋಕಲ್ ಹತ್ತಿ, ಕಾಂಜೂರಿನಲ್ಲಿ ಇಳಿದು, ಬಸ್ಸಿನಲ್ಲಿ ಜೋತಾಡಿ ಶಾಲೆ ಮುಟ್ಟುವಷ್ಟರಲ್ಲಿ ನನ್ನ ಅರ್ಧ ಜೀವ ಹೋಗಿರುತ್ತದೆ. ಉಳಿದ ಅರ್ಧ ಜೀವವನ್ನು ಮಕ್ಕಳು ತೆಗೆಯುತ್ತಾರೆ.

ಮಕ್ಕಳೆಲ್ಲ ನಿಮ್ಮ ಕಡೆಯವರೇ. ಅಪ್ಪಂದಿರು ಗೋಡೆ ಕಟ್ಟುವ ಗೌಂಡಿಗಳು, ತಾಯಂದಿರು ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊರುವವರು. ಕೆರೆಯ ಆಚೆ ಗುಡ್ಡದ ಮಗ್ಗುಲಲ್ಲಿ ಅವರ ಜೋಪಡಿಗಳಿವೆ. ನನ್ನ ಮೂರನೆಯ ತರಗತಿಯಲ್ಲಿ ನೀಲಾಬಾಯಿ ಎಂಬ ಎಂಟು ವರ್ಷದ ಹುಡುಗಿ ಇದ್ದಾಳೆ. ನೀಲಿ ಎಂದು ಕರೆಯುತ್ತೇವೆ. ಅವಳ ಅಪ್ಪ ಮರೆಪ್ಪ ನಿಮ್ಮ ಊರಿನವನು, ನಿಮ್ಮ ಶಾಲೆಯಲ್ಲೇ ನಾಲ್ಕನೆಯವರೆಗೆ ಓದಿದವನು. ತಾಯಿ ಸೋಮವ್ವ, ಅದೇ ಊರಿನ ಹನುಮವ್ವನ ಮಗಳು.

ವಿಷಯಕ್ಕೆ ಬರುತ್ತೇನೆ. ಒಂದು ತಿಂಗಳಿಂದ ಇಲ್ಲಿ ಬಾಂಗ್ಲಾದೇಶದವರನ್ನು ಹಿಡಿದು ಗಡಿ ದಾಟಿಸುವ ಕೆಲಸ ನಡೆದಿದೆ. ಪೊಲೀಸರು ಬೆಳಿಗ್ಗೆ ನೀರು ಬರುವ ಹೊತ್ತಿಗೆ ಬರುತ್ತಾರೆ, ಯಾಕೆಂದರೆ ಆಗ ಹೆಂಗಸರೆಲ್ಲ ನಲ್ಲಿಯ ಹತ್ತಿರ ಒಟ್ಟಿಗೆ ಸಿಗುತ್ತಾರೆ. ಊರು ಯಾವುದು, ತಾಲ್ಲೂಕು ಯಾವುದು, ಕಾಗದ ಎಲ್ಲಿ ಎಂದು ಕೇಳುತ್ತಾರೆ. ಕಾಗದ ಇಲ್ಲದವರ ಹೆಸರು ಬರೆದುಕೊಂಡು ವಾಯಿದೆ ಕೊಟ್ಟು ಹೋಗುತ್ತಾರೆ. ಮರೆಪ್ಪನ ಹತ್ತಿರ ನಿಮ್ಮ ಶಾಲೆಯ ಸರ್ಟಿಫಿಕೇಟು ಇದೆ. ಸೋಮವ್ವನ ಹೆಸರಿನಲ್ಲಿ ಒಂದು ಚೀಟಿಯೂ ಇಲ್ಲ. ರೇಷನ್ ಕಾರ್ಡು ಹೋದ ವರ್ಷ ಜೋಪಡಿ ಕೆಡವಿದಾಗ ಮಣ್ಣುಪಾಲಾಯಿತಂತೆ.

ಸೋಮವ್ವ ನಿಮ್ಮ ಶಾಲೆಗೆ ಮೂರು ವರ್ಷ ಬಂದಿದ್ದಳು ಎಂದು ಮರೆಪ್ಪ ಹೇಳುತ್ತಾನೆ. ದಾಖಲಾತಿ ಪುಸ್ತಕ ನೋಡಿ ಅವಳ ಹೆಸರು, ತಂದೆತಾಯಿ, ಊರು ಬರೆದು, ಸಹಿ ಮತ್ತು ಸೀಲು ಹಾಕಿ ಕಳಿಸಿದರೆ ದೊಡ್ಡ ಉಪಕಾರ. ನೀಲಿ ನಾಲ್ಕು ದಿನದಿಂದ ಶಾಲೆಗೆ ಬರುತ್ತಿಲ್ಲ. ತಾನು ಇಲ್ಲದಾಗ ಅವ್ವನನ್ನು ಕರೆದೊಯ್ದರೆ ಎಂದು ಅವ್ವನ ಸೆರಗು ಹಿಡಿದು ಕೂತಿದ್ದಾಳೆ. 

ಇತಿ,
ಪುಟ್ಟಲಕ್ಷ್ಮಿ


ಕಡ್ಲಿಹಾಳ, ಗುಲಬರ್ಗಾ ಜಿಲ್ಲೆ
೩ ಆಗಸ್ಟ್ ೧೯೯೨

ಮಾನ್ಯ ಸಹೋದರಿ ಪುಟ್ಟಲಕ್ಷ್ಮಿಯವರಿಗೆ ಬಸವಂತರಾಯನ ವಂದನೆಗಳು.

ತಮ್ಮ ಪತ್ರ ತಲುಪಿತು. ನಾನು ಈ ಊರಿಗೆ ವರ್ಗವಾಗಿ ಬಂದು ನಾಲ್ಕು ವರ್ಷವಾಯಿತು, ಹಳಬರ ಪರಿಚಯ ಅಷ್ಟಿಲ್ಲ. ಆದರೆ ಪುಸ್ತಕ ಸುಳ್ಳು ಹೇಳುವುದಿಲ್ಲ. ೧೯೭೦ರಲ್ಲಿ ಆರು ವರ್ಷದ ಸೋಮವ್ವ ಒಂದನೆಯ ತರಗತಿಗೆ ಸೇರಿದ್ದು, ಮೂರನೆಯ ತರಗತಿಯಲ್ಲಿ ಶಾಲೆ ಬಿಟ್ಟದ್ದು ನಮೂದಾಗಿದೆ. ಅದರ ನಕಲನ್ನು ಸಹಿ, ಸೀಲಿನೊಂದಿಗೆ ಲಗತ್ತಿಸಿದ್ದೇನೆ.

ಒಂದು ಮಾತು ಹೇಳದೆ ಇರಲಾರೆ. ತಮ್ಮ ಪತ್ರದಲ್ಲಿ ಪೊಲೀಸರ ಮೇಲೆ ಅಸಮಾಧಾನ ಕಾಣುತ್ತದೆ. ನನಗೆ ಅದು ಸರಿತೋರಲಿಲ್ಲ. ಒಂದು ದೇಶಕ್ಕೆ ಗಡಿ ಎಂಬುದಿದ್ದ ಮೇಲೆ ಅದನ್ನು ಕಾಯುವವರೂ ಇರಬೇಕು. ಕೇಳದೆ ಬಂದವರನ್ನು ತಿರುಗಿ ಕಳಿಸುವುದರಲ್ಲಿ ತಪ್ಪೇನಿದೆ? ಆಚೆಯಿಂದ ಬಂದವನು ಅರ್ಧ ಕೂಲಿಗೆ ನಿಂತರೆ ನಮ್ಮ ಮರೆಪ್ಪನಂಥವನು ಎಲ್ಲಿಗೆ ಹೋಗಬೇಕು? ತಪ್ಪು ಮಾಡದವರಿಗೆ ಪೊಲೀಸರ ಭಯ ಯಾತಕ್ಕೆ? ನಾನು ಮೂವತ್ತೈದು ವರ್ಷ ನೌಕರಿ ಮಾಡಿದ್ದೇನೆ, ಒಂದು ದಿನವೂ ಯಾರಿಗೂ ಹೆದರಿಲ್ಲ. ಬರುವ ಮಾರ್ಚಿಗೆ ನಿವೃತ್ತಿ. 

ಸೋಮವ್ವನಿಗೆ ನನ್ನ ಆಶೀರ್ವಾದ ತಿಳಿಸಿರಿ.

ತಮ್ಮ ವಿಶ್ವಾಸಿ,
ಬಸವಂತರಾಯ


ಮಾಟುಂಗ
೧೪ ಆಗಸ್ಟ್ ೧೯೯೨

ಬಸವಂತರಾಯರೆ,

ನಿಮ್ಮ ನಕಲು ಬಂದ ದಿನವೇ ಮರೆಪ್ಪನನ್ನು ಕರೆದುಕೊಂಡು ಠಾಣೆಗೆ ಹೋಗಿ ಕೊಟ್ಟುಬಂದೆ. ಇಟ್ಟುಕೊಂಡಿದ್ದಾರೆ. ನಿಮ್ಮ ತಾಲ್ಲೂಕಿನ ಠಾಣೆಗೆ ಬರೆದು ವಿಚಾರಿಸುತ್ತಾರಂತೆ. ನಿಮಗೆ ಎಷ್ಟು ಸಲ ಕೈಮುಗಿದರೂ ಸಾಲದು.

ಇನ್ನು ನಿಮ್ಮ ಉಪದೇಶದ ವಿಷಯ. ತಪ್ಪು ಮಾಡದವರಿಗೆ ಭಯ ಯಾತಕ್ಕೆ ಎಂದಿರಿ. ಒಂದು ದಿನ ಬಂದು ಆ ನಲ್ಲಿಯ ಹತ್ತಿರ ನಿಂತು ನೋಡಿ ಸ್ವಾಮಿ. ಹೋದ ವಾರ ಅದೇ ಗುಡ್ಡದ ರಾಜೀವಿ ಎಂಬವಳನ್ನು ಎತ್ತಿಕೊಂಡು ಹೋದರು. ಮಂಗಳೂರು ಕಡೆಯವಳು, ತುಳು ಆಡುವವಳು, ಮೀನು ಮಾರುವವಳು. ಅವಳು ಆಡಿದ್ದು ಅವರಿಗೆ ತಿಳಿಯಲಿಲ್ಲ, ಅವರು ಕೇಳಿದ್ದು ಇವಳಿಗೆ ತಿಳಿಯಲಿಲ್ಲ. ಬೈಕುಲ್ಲಾ ಕಡೆಯ ಒಂದು ಠಾಣೆಯಲ್ಲಿ ಎರಡು ದಿನ ಕೂರಿಸಿದ್ದರು. ರೈಲಿಗೆ ಹತ್ತಿಸಬೇಕಾದ ಹೆಂಗಸರನ್ನೆಲ್ಲ ಅಲ್ಲೇ ಇಡುವುದಂತೆ. ಮಾಟುಂಗದ ಹೋಟೆಲಿನ ಯಜಮಾನರೊಬ್ಬರು ಹೋಗಿ, ಇವಳು ನಮ್ಮ ಊರಿನವಳೇ ಎಂದ ಮೇಲೆ ಬಿಟ್ಟರು. ಯಜಮಾನರು ಆ ದಿನ ಊರಲ್ಲಿ ಇರದಿದ್ದರೆ? ಮಂಗಳೂರಿನ ಹೆಂಗಸು ಎಂದೂ ಕಾಣದ ದೇಶದ ಗಡಿಯಲ್ಲಿ ನಿಂತಿರಬೇಕಿತ್ತು. 

ನಮ್ಮ ಕಟ್ಟಡದಲ್ಲಿ ಒಬ್ಬ ವಕೀಲರಿದ್ದಾರೆ, ಅವರನ್ನು ಕೇಳಿದೆ. ಕಳ್ಳತನದ ಕೇಸಾದರೆ ಕದ್ದಿದ್ದಾನೆ ಎಂದು ಪೊಲೀಸರು ತೋರಿಸಬೇಕು. ಈ ವಿದೇಶೀಯರ ಕಾಯಿದೆಯಲ್ಲಿ ಹಾಗಲ್ಲವಂತೆ. ಹಿಡಿಸಿಕೊಂಡವರೇ ತಾವು ಇಲ್ಲಿಯವರು ಎಂದು ತೋರಿಸಬೇಕಂತೆ. ಕಳ್ಳನಿಗೆ ಇರುವ ಅನುಕೂಲ ಬುಟ್ಟಿ ಹೊರುವವಳಿಗಿಲ್ಲ. ಇದಕ್ಕೆ ಏನು ಹೇಳುತ್ತೀರಿ?

ಹೋಗಲಿ, ಜಗಳ ಸಾಕು. ಭಾನುವಾರ ಸೋಮವ್ವ ನನ್ನನ್ನು ಊಟಕ್ಕೆ ಕರೆದಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಯ. ಮಾತು ಬಹಳ ಕಡಿಮೆ. ಅವಳ ಕನ್ನಡ ನನಗೆ ಅರ್ಧಕ್ಕರ್ಧ ತಿಳಿಯುವುದಿಲ್ಲ. ನಿಮ್ಮ ಕಡೆಯ ಕನ್ನಡವೇ ನನಗೆ ಹಾಗೆ, ತಪ್ಪು ತಿಳಿಯಬೇಡಿ. ನೀಲಿ ಮಾತ್ರ ಅವಳ ತೊಡೆ ಬಿಟ್ಟು ಏಳಲಿಲ್ಲ. ಸೋಮವ್ವನ ಕೊರಳಲ್ಲಿ ತಾಳಿಯ ಪಕ್ಕ ಒಂದು ಪುಟ್ಟ ಬೆಳ್ಳಿ ಬಿಲ್ಲೆ ಇದೆ, ಅದರ ಮೇಲೆ ಒಂದು ಹೆಂಗಸಿನ ರೂಪ ಒತ್ತಿದ್ದಾರೆ. ಏನಿದು ಎಂದೆ. ಅಂಗೈಯಲ್ಲಿ ಮುಚ್ಚಿಕೊಂಡುಬಿಟ್ಟಳು. ಮೈಸೂರು ಕಡೆ ನಾನು ಇಂಥದ್ದು ಕಂಡಿಲ್ಲ. ಠಾಣೆಯವರು ಇದೊಂದನ್ನು ನೋಡಿದರೂ ಸಾಕಿತ್ತು, ಇವಳು ಅಪ್ಪಟ ಕಡ್ಲಿಹಾಳದವಳೆಂದು ತಿಳಿಯುತ್ತಿತ್ತು. ಆ ಬಿಲ್ಲೆ ಯಾವ ದೇವರದು, ಬರೆಯಿರಿ. 

ಪುಟ್ಟಲಕ್ಷ್ಮಿ


ಕಡ್ಲಿಹಾಳ
೨೭ ಆಗಸ್ಟ್ ೧೯೯೨

ಪುಟ್ಟಲಕ್ಷ್ಮಿಯವರೆ,

ಆ ಬಿಲ್ಲೆ ಯಾವ ದೇವರದೂ ಅಲ್ಲ. ನಮ್ಮ ಕಡೆ ಮೊದಲ ಹೆಂಡತಿ ಸತ್ತ ಮೇಲೆ ಗಂಡ ಇನ್ನೊಬ್ಬಳನ್ನು ಮಾಡಿಕೊಂಡರೆ, ಬಂದವಳು ಸತ್ತವಳ ರೂಪ ಒತ್ತಿಸಿ ಕೊರಳಿಗೆ ಕಟ್ಟಿಕೊಳ್ಳುತ್ತಾಳೆ. ಸತ್ತವಳು ಕಾಡಬಾರದು, ಕಾಯಬೇಕು ಎಂದು. ಬೇರೆ ಯಾರೂ ಅದನ್ನು ಕಟ್ಟಿಕೊಳ್ಳುವುದಿಲ್ಲ. ಮರೆಪ್ಪನ ಮೊದಲ ಹೆಂಡತಿ ಸೋಮವ್ವನೇ ಆದರೆ ಅವಳ ಕೊರಳಲ್ಲಿ ಬಿಲ್ಲೆ ಹೇಗೆ ಬಂತು?

ತಮ್ಮ ಪತ್ರ ಓದಿದ ದಿನವೇ ಶಾಲೆ ಬಿಟ್ಟ ಕೂಡಲೇ ಹನುಮವ್ವನ ಮನೆಗೆ ಹೋದೆ. ಮುದುಕಿ ಮುಚ್ಚಿಡಲಿಲ್ಲ. ಸೋಮವ್ವ ತೀರಿಕೊಂಡು ಎಂಟು ವರ್ಷವಾಗಿದೆ. ಬಾಣಂತನಕ್ಕೆ ತವರಿಗೆ ಬಂದವಳು ಹೆತ್ತ ಹನ್ನೊಂದನೆಯ ದಿನಕ್ಕೆ ಜ್ವರದಲ್ಲಿ ಹೋದಳು. ಕೂಸು ಉಳಿಯಿತು. ಅದೇ ತಮ್ಮ ನೀಲಿ. ಒಂದೂವರೆ ವರ್ಷ ಹನುಮವ್ವ ಸಾಕಿದಳು. ಆಮೇಲೆ ಮರೆಪ್ಪ ಬಂದು, ಮುಂಬಯಿಯಲ್ಲಿ ಒಬ್ಬಳನ್ನು ಉಡಿಕಿ, ಅಂದರೆ ಎರಡನೆಯ ಲಗ್ನ, ಮಾಡಿಕೊಂಡಿದ್ದೇನೆ ಎಂದು ಹೇಳಿ ಕೂಸನ್ನು ಒಯ್ದನಂತೆ. ಆ ಬಿಲ್ಲೆ ಮಾಡಿಸಿ ಕಳಿಸಿದವಳು ಹನುಮವ್ವನೇ. ಬಂದವಳು ಯಾರು, ಯಾವ ಊರು ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ನಾನು ಸತ್ತವಳ ಹೆಸರಿಗೆ ಸೀಲು ಹೊಡೆದು ಕೊಟ್ಟಿದ್ದೇನೆ. ನಕಲಿನಲ್ಲಿ ಇರುವುದೆಲ್ಲ ಖರೆ ಎಂದು ನಾನು ವಾದಿಸಬಹುದು, ಆದರೆ ತಾಲ್ಲೂಕಿನಿಂದ ಪೊಲೀಸರು ವಿಚಾರಣೆಗೆ ಬಂದು ನನ್ನೆದುರು ನಿಂತಾಗ ಆ ವಾದ ನಡೆಯುವುದಿಲ್ಲ. ಏಳು ತಿಂಗಳಲ್ಲಿ ನಿವೃತ್ತಿ ಇರುವ ಮನುಷ್ಯ ನಾನು. ನನಗೆ ಹೆದರಿಕೆಯಾಗಿದೆ, ಬರೆಯಲು ನಾಚಿಕೆಯಿಲ್ಲ.

ಆ ಹೆಂಗಸು ಯಾರು? ತಮಗೆ ಮೊದಲೇ ಗೊತ್ತಿತ್ತೇ? ದಯವಿಟ್ಟು ಆ ಕಾಗದವನ್ನು ಠಾಣೆಯಿಂದ ವಾಪಸು ತೆಗೆದುಕೊಳ್ಳಿರಿ. ಸೆಪ್ಟೆಂಬರ್ ಹದಿನೈದರೊಳಗೆ ಅದು ನನ್ನ ಕೈಗೆ ಬಾರದಿದ್ದರೆ ನಾನೇ ತಾಲ್ಲೂಕಿನ ಠಾಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಡುತ್ತೇನೆ. 

ಬಸವಂತರಾಯ


ಮಾಟುಂಗ
೭ ಸೆಪ್ಟೆಂಬರ್ ೧೯೯೨

ಬಸವಂತರಾಯರೆ,

ಗೊತ್ತಿರಲಿಲ್ಲ. ನನ್ನ ತಾಯಿಯಾಣೆಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಿಲ್ಲೆಯ ಸುದ್ದಿಯನ್ನು ನಾನೇ ಕೈಯಾರೆ ಬರೆದು ಕಳಿಸುತ್ತಿದ್ದೆನೇ? ಇವಳು ನಿಮ್ಮವಳೆಂದು ತೋರಿಸಲು ಹೋಗಿ ನಾನೇ ಹಿಡಿದುಕೊಟ್ಟ ಹಾಗಾಯಿತು. ಬಾಯಿ ಮುಚ್ಚಿಕೊಂಡು ರೊಟ್ಟಿ ತಿಂದು ಬರಬೇಕಿತ್ತು.

ಮರೆಪ್ಪನನ್ನು ಶಾಲೆಗೆ ಕರೆಸಿ ಕೇಳಿದೆ. ಆರಡಿ ಗಂಡಸು, ಬೆಂಚಿನ ಮೇಲೆ ಕೂತು ಅತ್ತ. ಅವಳ ಹೆಸರು ಶೀಲಾವತಿ. ಬಾಂಗ್ಲಾದೇಶದ ಖುಲ್ನಾ ಕಡೆಯವಳು. ಹದಿನೆಂಟನೆಯ ವಯಸ್ಸಿಗೆ ಒಬ್ಬ ಗುತ್ತಿಗೆದಾರ ಕೆಲಸಕ್ಕೆಂದು ಗಡಿ ದಾಟಿಸಿ ಕರೆತಂದು, ಇಲ್ಲಿ ಇಟ್ಟಿಗೆ ರಾಶಿಯ ಪಕ್ಕ ಬಿಟ್ಟು ಮಾಯವಾದನಂತೆ. ಮರೆಪ್ಪ ಆಗ ಅದೇ ಕಟ್ಟಡದಲ್ಲಿ ಗೌಂಡಿ. ಇವಳಿಗೆ ದಿಕ್ಕಿರಲಿಲ್ಲ, ಇವನ ಕೂಸಿಗೆ ತಾಯಿ ಇರಲಿಲ್ಲ. ನಿಮ್ಮ ಕಡೆಯ ಹಿರಿಯರು ನಾಲ್ಕು ಜನ ಕೂತು ಉಡಿಕಿ ಮಾಡಿಸಿದರು. ಬಿಲ್ಲೆ ಕಟ್ಟುವಾಗ ಸೋಮವ್ವ ಎಂದು ಹೆಸರನ್ನೂ ಇಟ್ಟರು. ಏಳು ವರ್ಷದಿಂದ ಅವಳು ಅದೇ ಹೆಸರಿಗೆ ಓಗೊಡುತ್ತಿದ್ದಾಳೆ. ನೀಲಿಗೆ ಬೇರೆ ತಾಯಿ ಇದ್ದಳೆಂಬುದೇ ತಿಳಿಯದು.

ಕಾಗದ ವಾಪಸು ಕೇಳುವುದಕ್ಕಾಗುವುದಿಲ್ಲ. ಕೇಳಿದರೆ ಯಾಕೆ ಎಂದು ಕೇಳುತ್ತಾರೆ. ನಿಮ್ಮ ತಾಲ್ಲೂಕಿಗೆ ಪತ್ರ ಹೋಗಿ ವಾರವಾಯಿತು ಎಂದು ಹವಾಲ್ದಾರ ಹೇಳಿದ.

ನೀವು ಹೇಳಿದ್ದನ್ನು ನಾನು ಯೋಚಿಸಿಲ್ಲ ಎಂದುಕೊಳ್ಳಬೇಡಿ. ಗಡಿ ಬೇಕು, ಕಾಯಬೇಕು, ಸರಿ. ಕೇಳದೆ ಬಂದಳು, ಅದೂ ಸರಿ. ಆದರೆ ಏಳು ವರ್ಷ ಒಂದು ಮಗುವಿಗೆ ತಲೆ ಬಾಚಿದ ಹೆಂಗಸನ್ನು ಒಂದು ಬೆಳಿಗ್ಗೆ ನಲ್ಲಿಯ ಹತ್ತಿರದಿಂದ ಎಳೆದುಕೊಂಡು ಹೋಗಿ, ಅಲ್ಲಿ ಯಾರೂ ಇಲ್ಲದ ಕಡೆ ನೂಕಿಬಿಟ್ಟರೆ ಯಾವ ಗೌಂಡಿಯ ಕೂಲಿ ಹೆಚ್ಚುತ್ತದೆ? ಅವಳ ಅಪ್ಪ ಅಮ್ಮ ಪ್ರವಾಹದಲ್ಲಿ ಹೋದರಂತೆ. ಗಡಿಯ ಆಚೆಯವರು ಇವಳು ನಮ್ಮವಳಲ್ಲ ಎಂದು ತಿರುಗಿಸಿದರೆ ಎಲ್ಲಿ ನಿಲ್ಲುತ್ತಾಳೆ? ನನಗೂ ಹೆದರಿಕೆಯಾಗಿದೆ ಮಾಸ್ತರರೆ. ಇನ್ನೂ ಹತ್ತು ವರ್ಷ ನೌಕರಿ ಉಳಿದಿರುವ ಒಂಟಿ ಹೆಂಗಸು ನಾನು. ಕಾಗದ ಒಯ್ದು ಕೊಟ್ಟವಳೂ ನಾನೇ.

ಅವಳಿಗೆ ನಿಮ್ಮ ವಾಯಿದೆಯ ಸುದ್ದಿ ಹೇಳಿಲ್ಲ. ನೀವು ಏನು ಮಾಡುತ್ತೀರಿ? ಹೌದೆನ್ನಿ, ಇಲ್ಲವೆನ್ನಿ, ಒಂದು ಸಾಲು ಬರೆಯಿರಿ. 

ಪುಟ್ಟಲಕ್ಷ್ಮಿ


ಮಾಟುಂಗ
೨೧ ಸೆಪ್ಟೆಂಬರ್ ೧೯೯೨

ಬಸವಂತರಾಯರೆ,

ಹದಿನೈದು ಕಳೆದು ಆರು ದಿನವಾಯಿತು. ನಿಮ್ಮಿಂದ ಒಂದು ಸಾಲೂ ಇಲ್ಲ. ನೀವು ಹೇಳಿದಂತೆ ಮಾಡಿದಿರಿ ಎಂದೇ ತಿಳಿದಿದ್ದೇನೆ. ಕಟ್ಟಡದ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿದರೆ ಒಳಗಿನ ಚಿಲಕ ಹಾಕಿಕೊಳ್ಳುತ್ತೇನೆ. ನಿನ್ನೆ ಹಾಗೆ ಬಂದವನು ಗ್ಯಾಸ್ ಸಿಲಿಂಡರಿನವನು. ನಾನು ಬಾಗಿಲು ತೆಗೆಯಲೇ ಇಲ್ಲ.

ಹಿಂದಿನ ಪತ್ರದಲ್ಲಿ ಒಂದು ಸುಳ್ಳು ಬರೆದಿದ್ದೆ. ಅವಳಿಗೆ ನಿಮ್ಮ ವಾಯಿದೆ ಗೊತ್ತು. ನಿಮ್ಮ ಪತ್ರವನ್ನು ನಾನು ಜೋಪಡಿಯಲ್ಲಿ ಕೂತು ಮರೆಪ್ಪನಿಗೆ ಓದಿ ಹೇಳಿದೆ. ಅವಳು ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ತಿಳಿಯಲಾರದು ಎಂದುಕೊಂಡೆ. ಓದಿ ಮುಗಿಸಿದ ಮೇಲೆ ಮೊರ ಕೆಳಗಿಟ್ಟು ಎದ್ದು ಬಂದು ಕೇಳಿದಳು, "ಅಕ್ಕೋರೆ, ನನ್ನ ಹಿಡದ್ರ ಹುಡುಗಿನೂ ಒಯ್ತಾರೇನ್ರಿ?"

ಇಲ್ಲ ಎಂದು ಹೇಳಬೇಕಿತ್ತು. ಗೊತ್ತಿಲ್ಲ ಎಂದೆ. ಯಾಕೆಂದರೆ ಗೊತ್ತಿರಲಿಲ್ಲ. ಆ ಗುಡ್ಡದಿಂದಲೇ ಇಬ್ಬರು ಹೆಂಗಸರನ್ನು ಮಕ್ಕಳ ಸಮೇತ ಒಯ್ದಿದ್ದರು, ಅವಳೂ ಕಂಡಿದ್ದಳು.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. 

ಪುಟ್ಟಲಕ್ಷ್ಮಿ


ಕಡ್ಲಿಹಾಳ
೨೭ ಸೆಪ್ಟೆಂಬರ್ ೧೯೯೨

ಅಕ್ಕಾವರೆ,

ತಮ್ಮ ಎರಡೂ ಪತ್ರಗಳು ಬಂದಿವೆ. ಉತ್ತರ ಬರೆಯಲಿಲ್ಲ. ಮೂರು ಸಲ ಬರೆದು ಹರಿದೆ. ನಮ್ಮ ಅಂಚೆಯ ಶೆಟ್ಟೆಪ್ಪ ಮುಂಬಯಿಯ ಲಕೋಟೆ ಕಂಡರೆ ಕಟ್ಟೆಯ ಮೇಲೆ ಕೂತವರಿಗೆಲ್ಲ ತೋರಿಸಿ ಬರುವವನು. ಬರೆದದ್ದು ಎಲ್ಲಿ ಯಾರ ಕೈಗೆ ಸಿಗುವುದೋ ಎಂಬ ಹೆದರಿಕೆ. ಇದನ್ನು ತಾಲ್ಲೂಕಿಗೆ ಬಂದು ಅಲ್ಲಿಯ ಡಬ್ಬಿಗೆ ಹಾಕುತ್ತಿದ್ದೇನೆ.

ಹದಿನೈದರಂದು ನಾನು ಠಾಣೆಗೆ ಹೋಗಿದ್ದು ನಿಜ. ಅರ್ಜಿ ಕಿಸೆಯಲ್ಲಿತ್ತು. ಎದುರಿನ ಚಹದಂಗಡಿಯಲ್ಲಿ ಎರಡು ತಾಸು ಕೂತೆ. ಒಳಗೆ ಹೋದರೆ ಆ ಹೆಂಗಸಿನ ಗತಿ ಮುಗಿಯಿತು, ಹೋಗದಿದ್ದರೆ ನನ್ನ ಗತಿ ಮುಗಿಯಿತು. ಮೂವತ್ತೈದು ವರ್ಷ ಮಕ್ಕಳಿಗೆ ಖರೆ ಹೇಳಿರಿ ಎಂದು ಬಡಿದವನು ನಾನು. ಒಳಗೆ ಹೋಗಲಿಲ್ಲ. ಕಡೆಯ ಬಸ್ಸಿಗೆ ಊರಿಗೆ ಬಂದೆ. ಹೋಗಲಿಲ್ಲ ಎಂದು ತಮಗೆ ಅಂದೇ ಒಂದು ಸಾಲು ಬರೆಯಬೇಕಿತ್ತು.

ನಿನ್ನೆ ಮಹಾಲಯ ಅಮಾವಾಸ್ಯೆ. ನಮ್ಮಲ್ಲಿ ಹಿರಿಯರ ಹಬ್ಬ. ಮನೆಯಲ್ಲಿ ಸತ್ತವರ ಹೆಸರಿನಲ್ಲಿ ಅರಿವೆ ಇಟ್ಟು ಎಡೆ ಹಿಡಿಯುತ್ತಾರೆ. ತಾಲ್ಲೂಕಿನ ಪೇದೆ ವಿಚಾರಣೆಯ ಕಾಗದ ಹಿಡಿದುಕೊಂಡು ಅದೇ ದಿನ ಬರಬೇಕೇ? ಮೊದಲು ಶಾಲೆಗೆ ಬಂದ. ರಜೆ ಇದ್ದದ್ದರಿಂದ ನನ್ನ ಮನೆಗೆ ಬಂದು ನನ್ನನ್ನು ಸಾಕ್ಷಿಗೆ ಪಂಚನೆಂದು ಕರೆದುಕೊಂಡು ಹನುಮವ್ವನ ಮನೆಗೆ ನಡೆದ. ಮುದುಕಿಗೆ ಏನು ಹೇಳಬೇಕೆಂದು ನಾನು ಮುಂಚೆ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವ ಧೈರ್ಯವಿರಲಿಲ್ಲ.

ಒಳಗೆ ದೇವರ ಜಗಲಿಯ ಮೇಲೆ ಹಸಿರು ಸೀರೆ, ಕುಪ್ಪಸದ ಕಣ, ಒಂದು ಡಜನ್ ಬಳೆ, ಕುಂಕುಮ ಇಟ್ಟಿದ್ದಳು. ಹೋಳಿಗೆ ಎಲೆಗೆ ಬಡಿಸಿತ್ತು. ದೀಪ ಇನ್ನೂ ಹಚ್ಚಿರಲಿಲ್ಲ. ಮುತ್ತೈದೆಯಾಗಿ ಸತ್ತವಳಿಗೆ ಇಡುವ 
ಸಾಮಾನು ಅದು, ಹಳ್ಳಿಯಲ್ಲಿ ಹುಟ್ಟಿದ ಯಾರಿಗಾದರೂ ತಿಳಿಯುತ್ತದೆ. ಪೇದೆ ಅದನ್ನೇ ನೋಡುತ್ತ ನಿಂತ. ಈ ಸೀರೆ ಯಾರಿಗೆ ಎಂದು ಕೇಳಿದ.

ಹನುಮವ್ವ ನನ್ನ ಮುಖ ನೋಡಲಿಲ್ಲ. "ನನ್ನ ಮಗಳು ಸೋಮವ್ವಗ್ರಿ. ಮುಂಬಯಿದಾಗ ಅದಾಳ. ಹಬ್ಬಕ್ಕಂತ ಕಳಸಾಕ ತಂದೀನಿ" ಎಂದಳು.

ಎಷ್ಟು ಮಕ್ಕಳು ಎಂದು ಕೇಳಿದ. ಒಬ್ಬಳೇ ಮಗಳು, ಅಳಿಯ ಗೌಂಡಿ, ಮೊಮ್ಮಗಳು ಮೂರನೆಯ ಇಯತ್ತೆ ಎಂದಳು. ಎಲ್ಲ ಬರೆದುಕೊಂಡ. ನನ್ನ ಕಡೆ ತಿರುಗಿ, ಖರೆ ಏನ್ರಿ ಮಾಸ್ತರ, ಎಂದ. ನಾನು ಹೌದು ಎಂದೆ. ಸದರಿ ಸೋಮವ್ವ ಮುಂಬಯಿಯಲ್ಲಿ ಗಂಡನೊಂದಿಗೆ ಇರುತ್ತಾಳೆ ಎಂದು ಅವನು ಬರೆದದ್ದರ ಕೆಳಗೆ ಸಹಿ ಹಾಕಿದೆ. ಈ ಕೈಯಿಂದ ಗೊತ್ತಿದ್ದೂ ಬರೆದ ಮೊದಲ ಸುಳ್ಳು.

ಅವನು ಹೋದ ಮೇಲೆ ಹನುಮವ್ವ ಸೀರೆ, ಬಳೆಗಳನ್ನು ಜಗಲಿಯಿಂದ ತೆಗೆದು ಗಂಟು ಕಟ್ಟಿ ನನ್ನ ಕೈಗೆ ಕೊಟ್ಟಳು. ಹೇಳಿದಳು, "ಇನ್ನ ಮ್ಯಾಲ ಆಕಿ ಹೆಸರ್ಲೆ ಎಡಿ ಹಿಡ್ಯಂಗಿಲ್ರಿ ಮಾಸ್ತರ. ಬದುಕಿದಾಕಿಗೆ ಎಡಿ ಹಿಡೀಬಾರ್ದು." ಆಮೇಲೆ ಬಾಗಿಲ ಹಿಂದೆ ಹೋಗಿ ಬಹಳ ಹೊತ್ತು ಅತ್ತಳು. ಎಂಟು ವರ್ಷದಲ್ಲಿ ಮಗಳಿಗೆ ಮಾಡುವುದೆಂದು ಅವಳಿಗೆ ಉಳಿದದ್ದು ಅದೊಂದೇ ಆಗಿತ್ತು.

ಸೀರೆಯ ಗಂಟನ್ನು ಬೇರೆ ಪಾರ್ಸೆಲಿನಲ್ಲಿ ಕಳಿಸಿದ್ದೇನೆ. ಆಕೆಗೆ ಕೊಡಿರಿ. ತಾಲ್ಲೂಕಿನ ಉತ್ತರ ನಾಲ್ಕಾರು ದಿನದಲ್ಲಿ ನಿಮ್ಮ ಠಾಣೆಗೆ ಮುಟ್ಟುತ್ತದೆ. ಅಲ್ಲಿಯವರೆಗೆ ಆಕೆ ಧೈರ್ಯದಿಂದಿರಲಿ. 

ಬಸವಂತರಾಯ


ಮಾಟುಂಗ
೬ ಅಕ್ಟೋಬರ್ ೧೯೯೨

ಮಾಸ್ತರರೆ,

ಹೇಗೆ ಬರೆಯಲಿ ತಿಳಿಯುತ್ತಿಲ್ಲ, ಇದ್ದ ಹಾಗೆ ಬರೆಯುತ್ತೇನೆ.

ಸೆಪ್ಟೆಂಬರ್ ಇಪ್ಪತ್ತನಾಲ್ಕರಂದು, ನಿಮ್ಮ ಅಮಾವಾಸ್ಯೆಗೆ ಎರಡು ದಿನ ಮುಂಚೆ, ಶೀಲಾವತಿ ನೀಲಿಯನ್ನು ತಾನೇ ಶಾಲೆಗೆ ಕರೆತಂದಳು. ನನ್ನ ಕೈಗೆ ಅವಳ ಕೈ ಕೊಟ್ಟು, ಸಂಜೆ ಅಪ್ಪ ಬರುತ್ತಾನೆ ಎಂದಳು. ನನಗೆ ಹಾಜರಿ ಹಿಡಿಯುವ ಅವಸರ, ಮುಖ ಕೂಡ ಸರಿಯಾಗಿ ನೋಡಲಿಲ್ಲ. ಅವಳು ನೇರವಾಗಿ ಬೈಕುಲ್ಲಾದ ಆ ಠಾಣೆಗೆ ಹೋಗಿದ್ದಾಳೆ. ದಾರಿಯನ್ನು ರಾಜೀವಿಯಿಂದ ಕೇಳಿ ತಿಳಿದುಕೊಂಡಿದ್ದಳಂತೆ. ಪವಾಯಿಯ ಠಾಣೆಯಾದರೆ ಮುಖ ಗುರುತಿಸುತ್ತಾರೆ, ಮರೆಪ್ಪ ಸಿಕ್ಕಿಬೀಳುತ್ತಾನೆ, ಹುಡುಗಿಯನ್ನೂ ಎಳೆಯುತ್ತಾರೆ. ಅಷ್ಟು ಯೋಚಿಸಿದ್ದಾಳೆ. ತಾನು ಶೀಲಾವತಿ, ಖುಲ್ನಾದವಳು, ಗಂಡನಿಲ್ಲ, ಮಕ್ಕಳಿಲ್ಲ ಎಂದು ಹೇಳಿ ಕೂತುಬಿಟ್ಟಳಂತೆ.

ಮೂರನೆಯ ದಿನ ರಾಜೀವಿ ಬಾಯಿಬಿಟ್ಟಳು. ನಾನೂ ಮರೆಪ್ಪನೂ ಓಡಿದೆವು. ಜಾಲರಿಯ ಆಚೆ ಹತ್ತು ಹದಿನೈದು ಹೆಂಗಸರು. ಅವಳ ಕೊರಳಲ್ಲಿ ತಾಳಿಯೂ ಇರಲಿಲ್ಲ, ಬಿಲ್ಲೆಯೂ ಇರಲಿಲ್ಲ. ಎರಡನ್ನೂ ಮನೆಯಲ್ಲಿ ಅಕ್ಕಿಯ ಡಬ್ಬಿಯೊಳಗೆ ಬಿಟ್ಟುಹೋಗಿದ್ದಳೆಂದು ಆಮೇಲೆ ತಿಳಿಯಿತು. ಮರೆಪ್ಪ ಸೋಮವ್ವ ಎಂದು ಕೂಗಿದ. ಅವಳು ತಿರುಗಲಿಲ್ಲ. ಹೆಂಗಸು ಪೊಲೀಸು ಅವಳ ಭುಜ ಅಲ್ಲಾಡಿಸಿ, ಇವರು ನಿನ್ನವರೇ ಎಂದು ಕೇಳಿದಳು. ಅವಳು ನಮ್ಮಿಬ್ಬರನ್ನೂ ನೋಡಿ ಹಿಂದಿಯಲ್ಲಿ ಹೇಳಿದಳು, ಇವರು ಯಾರೋ ನನಗೆ ಗೊತ್ತಿಲ್ಲ.

ಮರೆಪ್ಪ ಬಾಯಿ ತೆರೆದ. ನಾನು ಅವನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಗುರುತಿದೆ ಎಂದರೆ ಅವಳು ಮಾಡಿದ್ದೆಲ್ಲ ವ್ಯರ್ಥವಾಗುತ್ತಿತ್ತು. ಹೀಗೆಂದು ಅವನಿಗೆ ಹೇಳಿದೆ. ನಿಜವಾಗಿ ನನಗೆ ನನ್ನ ಭಯವೂ ಇತ್ತು. 

ಮೂವತ್ತನೆಯ ತಾರೀಖು ಗಡಿಯ ಕಡೆಗೆ, ಹೌರಾದ ಗಾಡಿಗೆ ಹತ್ತಿಸಿದರು. ನಿಮ್ಮ ಪತ್ರ ನನ್ನ ಕೈಗೆ ಬಂದದ್ದು ಅಕ್ಟೋಬರ್ ಮೂರಕ್ಕೆ. ನಾಲ್ಕಕ್ಕೆ ಪವಾಯಿಯ ಹವಾಲ್ದಾರ ತಾನಾಗಿಯೇ ಶಾಲೆಗೆ ಬಂದ. ನಗುತ್ತಿದ್ದ. ಟೀಚರ್ ಬಾಯಿ, ಕರ್ನಾಟಕದಿಂದ ಉತ್ತರ ಬಂತು, ಗಂಡ ಹೆಂಡತಿ ಹುಡುಗಿ ಮೂವರದೂ ಸರಿಯಾಗಿದೆ, ಇನ್ನು ಯಾರೂ ಅವರ ತಂಟೆಗೆ ಬರುವುದಿಲ್ಲ ಎಂದ. ಹೆಂಡತಿ ಎಲ್ಲಿ ಎಂದು ಕೇಳಿದ. ಊರಿಗೆ ಹೋಗಿದ್ದಾಳೆ ಎಂದೆ. ಚಹಾ ಕುಡಿದು ಹೋದ.

ನೀವು ಠಾಣೆಗೆ ಹೋಗಿರಲೇ ಇಲ್ಲ. ಹೋದಿರೆಂದು ನಾನು ನಂಬಿದೆ, ನನ್ನ ಮುಖ ನೋಡಿ ಅವಳೂ ನಂಬಿದಳು. ನಿಮ್ಮ ಪತ್ರ ಓದಿ ಹೇಳಿದವಳು ನಾನು. ಗೊತ್ತಿಲ್ಲ ಎಂದವಳು ನಾನು. ಅವಳನ್ನು ಪೊಲೀಸರು ಹಿಡಿಯಲಿಲ್ಲ ಮಾಸ್ತರರೆ, ನಾವಿಬ್ಬರು ಮೇಷ್ಟರು ಸೇರಿ ಕಳಿಸಿದೆವು.

ನೀಲಿ ಶಾಲೆಗೆ ಬರುತ್ತಾಳೆ. ಮಾತಾಡುವುದಿಲ್ಲ. ಹನುಮವ್ವನಿಗೆ ನೀವೇ ಹೇಳಬೇಕು. 

ಪುಟ್ಟಲಕ್ಷ್ಮಿ


ಕಡ್ಲಿಹಾಳ
೧೫ ಅಕ್ಟೋಬರ್ ೧೯೯೨

ಅಕ್ಕಾವರೆ,

ತಮ್ಮ ಪತ್ರವನ್ನು ಶಾಲೆಯ ಬಾಗಿಲು ಹಾಕಿಕೊಂಡು ಓದಿದೆ. ಒಂದು ಸಾಲು ಬರೆಯಲು ನನಗೆ ಹನ್ನೆರಡು ದಿನ ಬೇಕಾಯಿತು. ಆ ಹನ್ನೆರಡು ದಿನ ಒಂದು ಸಂಸಾರವನ್ನು ತಿಂದವು. ಕಾನೂನು ಬೇಡವೆಂದು ನಾನು ಇವತ್ತಿಗೂ ಅನ್ನಲಾರೆ. ಹೆದರಿಕೆಯೆಂದರೆ ಏನೆಂದು ಗೊತ್ತಿಲ್ಲದೆ ಅದರ ಬಗ್ಗೆ ತಮಗೆ ಉಪದೇಶ ಬರೆದೆನಲ್ಲ, ಅದಕ್ಕೆ ಕ್ಷಮಿಸಿರಿ.

ಹನುಮವ್ವನಿಗೆ ಹೇಳಲು ಎರಡು ಸಲ ಹೋದೆ. ಎರಡೂ ಸಲ ಹೇಳದೆ ಬಂದೆ. ಇವತ್ತು ಅವಳೇ ಶಾಲೆಗೆ ಬಂದು, ಮಗಳಿಗೆ ಒಂದು ಪತ್ರ ಬರೆಯಬೇಕು ಎಂದು ನನ್ನ ಎದುರು ಕೂತಳು. ಅವಳು ಹೇಳಿದಂತೆ ಬರೆದಿದ್ದೇನೆ, ಒಂದಕ್ಷರ ತಿದ್ದಿಲ್ಲ. ಎಲ್ಲಿಗೆ ಕಳಿಸಬೇಕೋ ತಿಳಿಯದೆ ತಮಗೇ ಕಳಿಸುತ್ತಿದ್ದೇನೆ. 

ಬಸವಂತರಾಯ


ಸೋಮವ್ವಗ ನಿಮ್ಮವ್ವ ಹನುಮವ್ವ ಮಾಡೂ ಆಶೀರ್ವಾದ. ನಾ ಆರಾಮ ಅದೀನಿ. ಸೀರಿ ಮುಟ್ಟಿತೋ ಇಲ್ಲೋ, ಕೇಳಿದ್ರ ಮಾಸ್ತರ ಸುಮ್ಮ ಕುಂದರ್ತಾರ. ಬಣ್ಣ ನಿನ್ನ ಮನಸಿಗಿ ಬರಲಿಲ್ಲಂದ್ರ ಹೇಳು, ಬ್ಯಾರೆ ಕಳಸ್ತೀನಿ. ಪೊಲೀಸರಿಗಿ ಅಂಜಬ್ಯಾಡ. ಕೇಳಿದ್ರ ನಮ್ಮವ್ವ ಕಡ್ಲಿಹಾಳದಾಗ ಅದಾಳ, ಹೋಗಿ ಕೇಳ್ರಿ ಅನ್ನು. ನನ್ನ ಮೊಮ್ಮಗಳ್ನ ಚೊಲೊ ನೋಡಿಕೊಂಡಿ, ದೇವರು ನಿನ್ನ ಹೊಟ್ಟಿ ತಣ್ಣಗಿಡಲಿ. ದೀಪಾವಳಿಗಿ ಹುಡುಗಿನ್ನ ಕರಕೊಂಡು ತವರಿಗಿ ಬಾ. ನಾ ಬಸ್ಸು ನಿಂದ್ರೂ ಕಟ್ಟಿಗಿ ಬಂದಿರ್ತೀನಿ. ನಿನ್ನ ಮಾರಿ ನಾ ನೋಡಿಲ್ಲವ್ವಾ, ನನಗ ಗುರ್ತ ಹತ್ತಂಗಿಲ್ಲ. ಬಸ್ಸು ಇಳಿದ ಕೂಡ್ಲೆ ನೀನೇ ಅವ್ವಾ ಅಂತ ಒದರು. ನಾ ಓ ಅಂತೀನಿ.